ಬೀಜದೊಳಗಿನ ಮೌನವೂ ನಮ್ಮ ಆಸ್ತಿಯೇ

ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತದ ಬಿತ್ತನೆ ನಡೆಯುತ್ತದೆ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ಈ ತಳಿಯನ್ನು ಮಾಣಿಕಟ್ಟಾ ಸೀಮೆಯ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಇಂತಹ ಬೀಜದ ಶಕ್ತಿ ಎಲ್ಲಿದೆ ಎಂದು ಕೇಳಿದರೆ ‘ವಂಶವಾಹಿಯಲ್ಲಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ಅದು ಅರ್ಧ ಉತ್ತರ. ವಂಶವಾಹಿ ಇದ್ದರಷ್ಟೇ ಸಾಲದು. ಅದು ಯಾವಾಗ ಮಾತನಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ನಿರ್ಧರಿಸುವ ವ್ಯವಸ್ಥೆಯೂ ಬೇಕು. ಆ ವ್ಯವಸ್ಥೆಯ ಒಂದು ಮುಖ್ಯ ಅಂಗವೇ ಕಿರು ಆರ್‌ಎನ್‌ಎ.

ವಂಶವಾಹಿಯ ಆದೇಶವನ್ನು ಪ್ರೋಟೀನು ತಯಾರಾಗುವಲ್ಲಿಗೆ ಒಯ್ಯುವ ಓಲೆಯೇ ಸಂದೇಶವಾಹಕ ಆರ್‌ಎನ್‌ಎ. ಸಸ್ಯದ ಜೀವಕೋಶದಲ್ಲಿ ಜೋಡಿ ಎಳೆಯ ಆರ್‌ಎನ್‌ಎ ಕಂಡುಬಂದರೆ ಡೈಸರ್ ಮಾದರಿಯ ಕಿಣ್ವಗಳು ಅದನ್ನು 21ರಿಂದ 24 ಅಕ್ಷರಗಳ ತುಂಡುಗಳಾಗಿ ಕತ್ತರಿಸುತ್ತವೆ. ಆರ್ಗೊನಾಟ್ ಎಂಬ ಪ್ರೋಟೀನು ಆ ತುಂಡಿನ ಒಂದು ಎಳೆಯನ್ನು ಹಿಡಿದುಕೊಂಡು, ಅದಕ್ಕೆ ಹೊಂದುವ ಓಲೆಯನ್ನು ಹುಡುಕಿ ಕತ್ತರಿಸುತ್ತದೆ, ಇಲ್ಲವೇ ಓದದಂತೆ ತಡೆಯುತ್ತದೆ. ವಂಶವಾಹಿ ಇದ್ದಲ್ಲೇ ಇರುತ್ತದೆ. ಅದರ ಮಾತು ಮಾತ್ರ ಕೇಳಿಸುವುದಿಲ್ಲ.

1990ರಲ್ಲಿ ಪೆಟೂನಿಯಾ ಹೂವಿನ ನೇರಳೆ ಬಣ್ಣವನ್ನು ಗಾಢಗೊಳಿಸಲೆಂದು ಬಣ್ಣದ ವಂಶವಾಹಿಯನ್ನು ಹೆಚ್ಚುವರಿಯಾಗಿ ಸೇರಿಸಿದಾಗ ಎಷ್ಟೋ ಹೂಗಳು ಬಿಳಿಯಾಗಿ ಅರಳಿದವು. ಈ ಒಗಟಿನ ಕೀಲಿಯನ್ನು 1998ರಲ್ಲಿ ಪುಟ್ಟ ಹುಳುವೊಂದರಲ್ಲಿ ಕಂಡ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 2006ರಲ್ಲಿ ನೊಬೆಲ್ ಪಡೆದರು. ಪ್ರಾಣಿಗಳ ದೇಹದಲ್ಲೇ ಹುಟ್ಟುವ ಮೈಕ್ರೋ ಆರ್‌ಎನ್‌ಎಯನ್ನು 1993ರಲ್ಲಿ ಗುರುತಿಸಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ ಅದೇ ಗೌರವ 2024ರಲ್ಲಿ ಸಂದಿತು.

ಇದು ದೂರದ ಪ್ರಯೋಗಶಾಲೆಯ ಮಾತಷ್ಟೇ ಅಲ್ಲ. ಹೊನ್ನಾವರ, ಭಟ್ಕಳದ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯನ್ನು ನೋಡಿ. ವೈರಾಣು ಹೊಕ್ಕಾಗ ಗಿಡ ಅದರ ಆರ್‌ಎನ್‌ಎಯನ್ನೇ ಕತ್ತರಿಸಿ, ಆ ತುಂಡುಗಳಿಂದಲೇ ಅದನ್ನು ಬೇಟೆಯಾಡುತ್ತದೆ. ವೈರಾಣುವೂ ಸುಮ್ಮನಿರದು. ಮೆಣಸಿನ ಬಳ್ಳಿಯನ್ನು ಕುಂಠಿತಗೊಳಿಸುವ ಕುಕುಂಬರ್ ಮೊಸಾಯಿಕ್ ವೈರಾಣು ಈ ರಕ್ಷಣೆಯನ್ನೇ ಅಡಗಿಸುವ ಪ್ರೋಟೀನನ್ನು ಹೊತ್ತು ಬರುತ್ತದೆ. ರೋಗದ ಬಳ್ಳಿಯಿಂದ ತೆಗೆದ ಕುಡಿಯಲ್ಲಿ ವೈರಾಣುವೂ ಹೊಸ ತೋಟಕ್ಕೆ ಹೋಗುತ್ತದೆ. ಆರೋಗ್ಯವಂತ ಬಳ್ಳಿಯಿಂದಲೇ ಕುಡಿ ಆಯುವುದು ಅದಕ್ಕಾಗಿಯೇ ಮುಖ್ಯ.

ಭತ್ತದ ಕಥೆ ಇನ್ನೂ ಹತ್ತಿರದ್ದು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಪಿ. ವಿ. ಶಿವಪ್ರಸಾದ್ ಅವರ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಾಡುಭತ್ತದಲ್ಲಿ 22 ಅಕ್ಷರಗಳ ‘ಮಿರ್ 397’ ಎಂಬ ಕಿರು ಆರ್‌ಎನ್‌ಎ ಹೇರಳವಾಗಿದೆ; ಹೆಚ್ಚು ಇಳುವರಿಯ ತಳಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕಾಡುಭತ್ತದಲ್ಲಿ ಅದು ಲ್ಯಾಕೇಸ್ ಕಿಣ್ವಗಳ ವಂಶವಾಹಿಗಳನ್ನು ಮೌನಗೊಳಿಸುವುದರಿಂದ ಗಿಡಕ್ಕೆ ಗಡಸುತನ ಕೊಡುವ ಲಿಗ್ನಿನ್ ಕಡಿಮೆಯಾಗುತ್ತದೆ. ನಾಡ ಭತ್ತದಲ್ಲಿ ಅದನ್ನು ಹೆಚ್ಚಿಸಿದಾಗ ಕಾಡು ಗುಣಗಳು ಮರಳಿದವು. ಅಂದರೆ ಸಾವಿರಾರು ವರ್ಷ ತೆನೆ ಆರಿಸಿದ ನಮ್ಮ ಹಿರಿಯರು ವಂಶವಾಹಿಗಳನ್ನಷ್ಟೇ ಅಲ್ಲ, ಅವುಗಳ ಮಾತು-ಮೌನಗಳನ್ನೂ ತಮಗರಿಯದೆ ಆರಿಸಿದ್ದರು! ಉಪ್ಪಿನ ಒತ್ತಡದಲ್ಲಿ ಭತ್ತದ ಹಲವು ಕಿರು ಆರ್‌ಎನ್‌ಎಗಳ ಪ್ರಮಾಣ ಏರಿಳಿಯುವುದೂ ಪ್ರಯೋಗಗಳಲ್ಲಿ ಕಂಡಿದೆ.

ಈ ಜ್ಞಾನ ಈಗ ಮಾರುಕಟ್ಟೆಗೆ ಇಳಿದಿದೆ. ಕೀಟದ ವಂಶವಾಹಿಯನ್ನು ಮೌನಗೊಳಿಸುವ ಆರ್‌ಎನ್‌ಎ ಸಿಂಪಡಣೆಯೊಂದಕ್ಕೆ 2023ರ ಡಿಸೆಂಬರ್‌ನಲ್ಲಿ ಅಮೆರಿಕ ಅನುಮತಿ ನೀಡಿತು. ಅದರ ಗುರಿ ಆಲೂಗಡ್ಡೆಯ ದುಂಬಿ. ಅಕ್ಷರ ಹೊಂದಿದಲ್ಲಿ ಮಾತ್ರ ಕೆಲಸ ಮಾಡುವ ಇಂತಹ ಔಷಧ, ಕಂಡ ಕೀಟವನ್ನೆಲ್ಲ ಕೊಲ್ಲುವ ವಿಷಕ್ಕಿಂತ ಲೇಸಾಗಬಹುದು. ಆದರೆ ಅದೇ ಅಕ್ಷರಗಳು ನಮ್ಮ ತುಡುವೆ ಜೇನಿನಲ್ಲಿಲ್ಲ ಎಂಬುದನ್ನು ಇಲ್ಲಿಗೆ ತರುವ ಮೊದಲೇ ಪರೀಕ್ಷಿಸಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಎರಡು ಜೀನೋಮ್ ತಿದ್ದಿದ ಭತ್ತಗಳಲ್ಲಿ ಒಂದಾದ ‘ಪೂಸಾ ಡಿಎಸ್‌ಟಿ ರೈಸ್ 1’ ಬರವನ್ನೂ ಉಪ್ಪನ್ನೂ ತಾಳುವುದೆಂದು ಹೇಳಲಾಗಿದೆ. ಇದು ಬೇರೆ ತಂತ್ರ. ಆದರೂ ಉಪ್ಪು ತಾಳುವ ಗುಣಕ್ಕೆ ಇಂದು ಇರುವ ಬೆಲೆಯನ್ನು ಇದು ತೋರಿಸುತ್ತದೆ.

ನಮ್ಮ ಚಿಂತೆ ಇಲ್ಲಿದೆ. 22 ಅಕ್ಷರಗಳ ಗುಟ್ಟನ್ನು ಒಯ್ಯಲು ಇಂದು ಬೀಜದ ಮುಡಿ ಬೇಕಿಲ್ಲ. ಗಣಕದಲ್ಲಿನ ಒಂದು ಸಾಲು ಸಾಕು. ಹಾಗಿರುವಾಗ ಬೀಜ ಕಾದವರ ಹಕ್ಕೇನು? 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರ ತಳಿಗಳ ನೋಂದಣಿಗೆ ಅವಕಾಶ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯು ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. ಆ ಸಮಿತಿಗಳು ಕಾಗದದಲ್ಲಷ್ಟೇ ಉಳಿದರೆ ನಷ್ಟ ನಮ್ಮದೇ.

ಆದ್ದರಿಂದ ಮೂರೂ ತಾಲೂಕುಗಳ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿನಂತಿ: ಈ ಮಳೆಗಾಲದಲ್ಲಿ ನಿಮ್ಮೂರಿನ ಹಿರಿಯರ ಬಳಿ ಕುಳಿತು, ಅವರು ಕಾದಿಟ್ಟ ಭತ್ತ, ಮೆಣಸು, ವೀಳ್ಯದೆಲೆಯ ತಳಿಗಳ ಹೆಸರು ಮತ್ತು ಗುಣಗಳನ್ನು ಬರೆದುಕೊಂಡು ಪಂಚಾಯಿತಿಯ ದಾಖಲೆಗೆ ಸೇರಿಸಿ. ಶೀತಲ ಗೃಹದಲ್ಲಿಟ್ಟ ಬೀಜ ಉಳಿಯಬಹುದು, ಆದರೆ ಉಪ್ಪುನೀರಿನೊಡನೆ ಅದರ ಹೋರಾಟ ಅಲ್ಲಿಗೆ ನಿಲ್ಲುತ್ತದೆ. ಕಗ್ಗ ಗಜನಿಯಲ್ಲೇ ಬೆಳೆಯಬೇಕು.