ಹಿಂದಿರುಗುವ ವಿದ್ಯೆ

ಒಂದು ವಿದ್ಯೆಯನ್ನು ಆರಿಸಿಕೊಳ್ಳುವ ಕಾಲ ಬಂದಾಗ ನಮ್ಮ ಜನ ಕೇಳುವ ಮೊದಲನೆಯ ಪ್ರಶ್ನೆ, "ಎಷ್ಟು ದಿನದ್ದು?" ಎಂಬುದು, ಎರಡನೆಯದು, "ಎಷ್ಟು ಹಣ?" ಎಂಬುದು, ಮೂರನೆಯದು, "ಕೊನೆಗೆ ಪ್ರಮಾಣಪತ್ರ ಸಿಕ್ಕುವುದು ಖಂಡಿತವಷ್ಟೆ?" ಎಂಬುದು. ಕಲಿಸುವವರು ಯಾರು, ಏನನ್ನು ಕಲಿಸುತ್ತಾರೆ ಎಂಬ ಪ್ರಶ್ನೆಯ ಸರದಿ ಬರುವುದು ಬಹಳ ತಡವಾಗಿ. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ಇದರಲ್ಲಿ ಆಶ್ಚರ್ಯವೇನೂ ಉಳಿದಿಲ್ಲ. ಕನ್ನಡ ಎಂ.ಎ.ಯ ಮಟ್ಟಿಗೆ ಈ ಕ್ರಮದಿಂದಾಗುವ ಹಾನಿಯೆಂದರೆ, ಹಳಗನ್ನಡವನ್ನು ಓದಲಾರದ ಪದವೀಧರನೊಬ್ಬ ಹೆಚ್ಚಾದಾನು, ಅಷ್ಟೆ. ಆದರೆ ಇದೇ ಕ್ರಮದಿಂದ ಪ್ರಾಣವೇ ಹೋಗಬಹುದಾದ ವಿದ್ಯೆಯೊಂದು ಉಂಟು. ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ನೀರು ತುಂಬಿದ ಗುಹೆಗಳನ್ನು ಹೊಗುವ ವಿದ್ಯೆ ಅದು.

ನಮಗೂ ಅದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ದೂರದ್ದೇನಲ್ಲ. ಮುರುಡೇಶ್ವರದ ಆಚೆ, ಕಡಲ ನಡುವಿನ ನೇತ್ರಾಣಿಯ ಬಳಿ ಮಳೆಗಾಲ ಕಳೆದೊಡನೆ ಸ್ಕೂಬಾ ಆರಂಭವಾಗುತ್ತದೆ. ಈಜು ಬಾರದವರೂ ಗುರುವಿನ ಕೈ ಹಿಡಿದು ಅಲ್ಲಿ ಮೀನುಗಳನ್ನು ನೋಡಿ ಬರುತ್ತಾರೆ. ಒಮ್ಮೆ ಆ ರುಚಿ ಹತ್ತಿದ ತರುಣರಲ್ಲಿ ಕೆಲವರು ಅಷ್ಟಕ್ಕೆ ನಿಲ್ಲುವುದಿಲ್ಲ. ನಮ್ಮ ಬಜಪೆಯ ವಿಮಾನ ನಿಲ್ದಾಣದಿಂದ ಕೊಲ್ಲಿ ದೇಶಗಳಿಗೆ ದುಡಿಯಹೋದವರ ಕೈಯಲ್ಲಿ ರಜೆಯೂ ಹಣವೂ ಒಟ್ಟಿಗೆ ಸೇರಿದಾಗ, ಮೆಕ್ಸಿಕೋದ ಯುಕಟಾನ್ ಪ್ರಾಂತದ ಸುಣ್ಣಕಲ್ಲಿನ ಗುಹೆಗಳು ಕೂಡ ಹತ್ತಿರವಾಗಿ ತೋರುತ್ತವೆ. ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಶಾಲೆಗಳ ವಿವರಪತ್ರಗಳನ್ನು ಕಳುಹಿಸಿ, "ಇವೆರಡರಲ್ಲಿ ಯಾವುದು ಒಳ್ಳೆಯದು ಹೇಳಿ, ಸರ್" ಎಂದು ಬರೆದಿದ್ದ. ನೀರಿನ ವಿಚಾರದಲ್ಲಿ ನನ್ನ ಜ್ಞಾನ ದೇವಸ್ಥಾನದ ಕೆರೆಯಿಂದಾಚೆ ಹೋದುದಲ್ಲ. ಆದರೆ ಪಾಠ, ಪರೀಕ್ಷೆ, ಪ್ರಮಾಣಪತ್ರ ಎಂಬ ಮೂರರ ಪರಸ್ಪರ ನಂಟು ಎಂಥದೆಂಬುದನ್ನು ಕಂಡವನು ನಾನು. ಆ ಬಲದಿಂದಲೇ ವಿಷಯವನ್ನು ಓದಿ ತಿಳಿದುಕೊಂಡೆ.

ಕಡಲಿನಲ್ಲಿ ಸಾಮಾನ್ಯವಾಗಿ ಮುಳುಗುವವನಿಗೆ ತಲೆಯ ಮೇಲೆ ಯಾವಾಗಲೂ ಆಕಾಶವಿರುತ್ತದೆ. ಏನಾದರೂ ಕೆಟ್ಟರೆ ನಿಧಾನವಾಗಿ ಮೇಲೇರಬಹುದು. ಗುಹೆಯಲ್ಲಿ ಮೇಲಿರುವುದು ಬಂಡೆ. 'ಟೆಕ್ನಿಕಲ್' ಎಂದು ಕರೆಯುವ ಆಳದ ಮುಳುಗಿನಲ್ಲಿ ಬಂಡೆಯಿಲ್ಲದಿದ್ದರೂ ಕಾಣದ ಮಾಡೊಂದಿರುತ್ತದೆ: ಒತ್ತಡದಿಂದ ರಕ್ತದೊಳಗೆ ಸೇರಿದ ನೈಟ್ರೋಜನ್ ಹೊರಹೋಗುವ ತನಕ ದಾರಿಯಲ್ಲಿ ಅಲ್ಲಲ್ಲಿ ನಿಂತೇ ಏರಬೇಕು; ಅವಸರಪಟ್ಟು ಏರಿದವನ ಕೀಲುಗಳಿಗೂ ನರಗಳಿಗೂ ಆಘಾತ. 30 ಮೀಟರ್ ಆಳದಲ್ಲಿ ಒತ್ತಡ ಭೂಮಿಯ ಮೇಲಿನದರ ನಾಲ್ಕು ಪಾಲು. ಆದುದರಿಂದ ಮೇಲೆ ಒಂದು ಗಂಟೆ ಬರುವ ಗಾಳಿ ಅಲ್ಲಿ ಕಾಲು ಗಂಟೆಗೆ ಮುಗಿಯುತ್ತದೆ. ಸಾಲದುದಕ್ಕೆ ಅದೇ ನೈಟ್ರೋಜನ್ ಆ ಆಳದಲ್ಲಿ ಬುದ್ಧಿಗೆ ಅಮಲನ್ನೂ ತರುತ್ತದೆ.

ನಮ್ಮ ಊರಿಗೆ ಸಮೀಪದ ನೆಲ್ಲಿತೀರ್ಥದ ಗುಹೆಯನ್ನು ಕಂಡವರಿಗೆ ಒಂದು ಹೋಲಿಕೆ ಸುಲಭವಾಗಿ ತಿಳಿದೀತು. ಅಲ್ಲಿ ದಾರಿ ಬಲ್ಲವರ ಹಿಂದೆ ಮೊಣಕಾಲೂರಿ ತೆವಳುತ್ತ, ತೊಟ್ಟಿಕ್ಕುವ ನೀರಿನಲ್ಲಿ ತೊಯ್ಯುತ್ತ ಒಳಗೆ ಹೋಗುತ್ತೇವೆ. ದೀಪ ಆರಿದರೆ ಹೆದರಿಕೆಯಾದೀತು. ಆದರೆ ಕುಳಿತು, ಉಸಿರೆಳೆದುಕೊಂಡು, ಹಿಂದಿನವರನ್ನು ಕೂಗಬಹುದು. ಅದೇ ಗುಹೆ ಮಾಡಿನ ತನಕ ನೀರು ತುಂಬಿದೆಯೆಂದು ಭಾವಿಸಿರಿ. ಕಾಲಿನ ಒಂದು ಅಜಾಗರೂಕ ಬಡಿತಕ್ಕೆ ತಳದ ಕೆಸರೆದ್ದು ಅಂಗೈಯೂ ಕಾಣದಂತಾಗುತ್ತದೆ. ಕೂಗಲು ಬಾಯಿಲ್ಲ, ಕುಳಿತುಕೊಳ್ಳಲು ಸಮಯವಿಲ್ಲ. ಆಗ ಕೈಗೆ ಸಿಕ್ಕುವುದು ಬಾಗಿಲಿನಿಂದ ಕಟ್ಟಿ ತಂದ ನೂಲೊಂದೇ.

ಅಮೆರಿಕದ ಶೆಕ್ ಎಕ್ಸ್ಲಿ ಎಂಬವರು ಫ್ಲಾರಿಡಾದ ಗುಹೆಗಳಲ್ಲಾದ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 1979ರಲ್ಲಿ ಒಂದು ಕೈಪಿಡಿಯನ್ನು ಬರೆದರು. ಆ ವಿಚಾರಣೆಯ ದಾರಿಯಲ್ಲಿ ನೆಲೆನಿಂತ ನಿಯಮಗಳು ಐದು. ತಕ್ಕ ಶಿಕ್ಷಣವಿಲ್ಲದೆ ಹೊಗಬಾರದು. ಬಾಗಿಲ ತನಕ ಕಡಿಯದ ನೂಲಿರಬೇಕು. ಗಾಳಿಯ ಮೂರನೆಯ ಒಂದು ಪಾಲು ಮುಗಿದೊಡನೆ ತಿರುಗಬೇಕು, ಉಳಿದೆರಡರಲ್ಲಿ ಒಂದು ಮರಳುವುದಕ್ಕೆ, ಇನ್ನೊಂದು ಆಪತ್ತಿಗೆ. ತನ್ನ ಶಿಕ್ಷಣಕ್ಕೂ ಉಸಿರಾಡುವ ಗಾಳಿಗೂ ಮೀರಿದ ಆಳಕ್ಕೆ ಇಳಿಯಬಾರದು. ಒಬ್ಬೊಬ್ಬನ ಬಳಿಯೂ ಮೂರು ದೀಪಗಳಿರಬೇಕು. ಇವುಗಳಲ್ಲಿ ಸಾಹಸವನ್ನು ಹೇಳುವ ನಿಯಮ ಒಂದಾದರೂ ಇದೆಯೇ? ಐದೂ ಹಿಂದಿರುಗುವ ಮಾತನ್ನೇ ಹೇಳುತ್ತವೆ. ಆ ಎಕ್ಸ್ಲಿಯವರೇ 1994ರಲ್ಲಿ ಮೆಕ್ಸಿಕೋದ ಸಕಾಟೋನ್ ಎಂಬ ಮಹಾಗುಂಡಿಯ ಆಳದಲ್ಲಿ ತೀರಿಕೊಂಡರು. ನೀರು ಯಾರ ದೊಡ್ಡಸ್ತಿಕೆಯನ್ನೂ ಕೇಳುವುದಿಲ್ಲ.

ಫ್ಲಾರಿಡಾ, ಮೆಕ್ಸಿಕೋಗಳ ಅನೇಕ ಗುಹೆಗಳ ಬಾಯಲ್ಲಿ, ನೀರಿನೊಳಗೇ, ಕುಡುಗೋಲು ಹಿಡಿದ ಯಮನ ಚಿತ್ರವಿರುವ ಫಲಕವನ್ನು ನಿಲ್ಲಿಸಿದ್ದಾರೆ. ಇಂಥ ಗುಹೆಗಳಲ್ಲಿ 300ಕ್ಕೂ ಮಿಕ್ಕಿ ಜನ ಸತ್ತಿದ್ದಾರೆ, ಅವರಲ್ಲಿ ಕಡಲ ಮುಳುಗನ್ನು ಕಲಿಸುವ ಗುರುಗಳೂ ಇದ್ದರು ಎಂದು ಅದು ಸಾರುತ್ತದೆ. ಈ ಎರಡನೆಯ ಮಾತನ್ನು ಗಮನಿಸಬೇಕು. ಒಂದು ವಿದ್ಯೆಯಲ್ಲಿ ಗುರುವಾದವನು ಇನ್ನೊಂದರಲ್ಲಿ ಶಿಷ್ಯನೂ ಆಗಿರದಿರಬಹುದು. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಮಂದಿ ಬಾಲಕರೂ ಅವರ ಶಿಕ್ಷಕನೂ ಸಿಕ್ಕಿಬಿದ್ದಾಗ ಇದು ಲೋಕಕ್ಕೆಲ್ಲ ಕಂಡಿತು. ಅವರನ್ನು ಹುಡುಕಿ ಕಂಡವರಿಬ್ಬರೂ ಗುಹೆಯ ಮುಳುಗನ್ನು ಹವ್ಯಾಸವಾಗಿ ಬೆಳೆಸಿಕೊಂಡ ಇಂಗ್ಲಿಷರು. ಒಬ್ಬರು ಬೆಂಕಿ ಆರಿಸುವ ದಳದಿಂದ ನಿವೃತ್ತರಾದ ರಿಕ್ ಸ್ಟಾಂಟನ್, ಇನ್ನೊಬ್ಬರು ಕಂಪ್ಯೂಟರ್ ವೃತ್ತಿಯ ಜಾನ್ ವೊಲಾಂಥನ್. ಅದೇ ಗುಹೆಯಲ್ಲಿ ಸಿಲಿಂಡರುಗಳನ್ನು ಇಟ್ಟು ಮರಳುತ್ತಿದ್ದ ಸಮನ್ ಕುನಾನ್ ಪ್ರಾಣ ತೆತ್ತರು. ಅವರು ನೌಕಾದಳದಲ್ಲಿ ಪಳಗಿದ ವೀರರು. ಆ ಧೀರನ ತ್ಯಾಗಕ್ಕೆ ತಲೆಬಾಗುತ್ತಲೇ, ಕಡಲು ಬೇರೆ, ಗುಹೆ ಬೇರೆ ಎಂಬುದನ್ನೂ ನಾವು ಅರಿಯಬೇಕು.

ಇನ್ನು ಆಯ್ಕೆಯ ಮಾತು. ಈ ವಿದ್ಯೆಗೆ ಮೆಟ್ಟಿಲುಗಳಿವೆ. ಮೊದಲನೆಯದು 'ಕ್ಯಾವರ್ನ್': ಬಾಗಿಲಿನ ಹಗಲು ಬೆಳಕು ಕಾಣುವಷ್ಟು ದೂರ ಮಾತ್ರ. ಎರಡನೆಯದು 'ಇಂಟ್ರೋ ಕೇವ್': ಬೆಳಕಿನಾಚೆಗೆ, ಆದರೆ ಒಂದೇ ಮುಖ್ಯ ನೂಲನ್ನು ಹಿಡಿದು, ಕವಲುಗಳಿಗೆ ಹೊರಳದೆ, ಜೋಡಿ ಸಿಲಿಂಡರಿನ ಗಾಳಿಯಲ್ಲಿ ಆರನೆಯ ಒಂದು ಪಾಲಷ್ಟೇ ಒಳದಾರಿಗೆ ಎಂದು ಕೆಲವು ಸಂಸ್ಥೆಗಳ ಕಟ್ಟಳೆ. ಮೂರನೆಯದು ಪೂರ್ಣ ಗುಹಾಶಿಕ್ಷಣ. ಇವೆಲ್ಲಕ್ಕಿಂತ ಮೊದಲು, ಗುಹೆಯ ಹೆಸರನ್ನೇ ಎತ್ತದೆ, ನೀರಿನಲ್ಲಿ ಅಲುಗದೆ ತೇಲಿ ನಿಲ್ಲುವುದು, ಕೆಸರೇಳದಂತೆ ಕಾಲಾಡಿಸುವುದು, ಜೊತೆಗಾರನಿಗೆ ಗಾಳಿ ಕೊಡುವುದು ಇಷ್ಟನ್ನೇ ತಿದ್ದುವ ಪಾಠಗಳುಂಟು. ಜಿ.ಯು.ಇ. ಸಂಸ್ಥೆಯ 'ಫಂಡಮೆಂಟಲ್ಸ್', ಟಿ.ಡಿ.ಐ. ಸಂಸ್ಥೆಯ 'ಇಂಟ್ರೋ ಟು ಟೆಕ್' ಆ ಜಾತಿಯವು. ನನ್ನ ಅಭಿಪ್ರಾಯ ಸ್ಪಷ್ಟ: ಗುಹೆಗೆ ಹೋಗಬೇಕೆಂದಿರುವವನು ಮೊದಲು ಆರಿಸಬೇಕಾದುದು ಗುಹೆಯಿಲ್ಲದ ಈ ಪಾಠವನ್ನು. ಕಾಗುಣಿತ ಬಾರದವನಿಗೆ ಛಂದಸ್ಸನ್ನು ಹೇಳಿಕೊಡುವ ಶಾಲೆ ಎಷ್ಟು ಹೆಸರಾದುದಾದರೇನು?

"ರಜೆ ಸ್ವಲ್ಪ, ವಿಮಾನದ ದರ ಹೆಚ್ಚು. ಒಮ್ಮೆ ಹೋದಾಗಲೇ ಮೂರು ಮೆಟ್ಟಿಲನ್ನೂ ಒಟ್ಟಿಗೆ ಹತ್ತಿಬಿಡುವುದು ಲಾಭವಲ್ಲವೆ?" ಎಂಬ ವಾದವುಂಟು. ಬಡವರ ಮನೆಯಿಂದ ಮೇಲೆ ಬಂದ ತರುಣನ ಬಾಯಲ್ಲಿ ಇದು ಹಗುರವಾದ ವಾದವಲ್ಲ. ನುರಿತವನಿಗೆ ಹಾಗೆ ಸಾಧ್ಯವಾಗುವುದೂ ಉಂಟು. ಆದರೆ ಮೆಟ್ಟಿಲ ನಡುವಿನ ಬಿಡುವು ಸುಮ್ಮನೆ ಕಳೆದ ಕಾಲವಲ್ಲ. ಕಲಿತುದು ಕೈಗೆ ಇಳಿಯುವುದು ಆಗಲೇ. ಮೂರನ್ನೂ ಒಟ್ಟಿಗೆ ಕೊಂಡವನು ಮರುವರ್ಷ ಗುಹೆಗೆ ಇಳಿಯುವಾಗ ಚೀಟಿ ಜೊತೆಗಿರುತ್ತದೆ, ಅಭ್ಯಾಸ ಹಿಂದೆ ಉಳಿದಿರುತ್ತದೆ. ಅಂಥವನು ಈ ವರ್ಷ ಮೊದಲ ಪಾಠವನ್ನು ಹತ್ತಿರದಲ್ಲೆಲ್ಲಾದರೂ ಮುಗಿಸಿ, ಒಂದು ವರ್ಷ ಸಾಧನೆ ಮಾಡಿ, ಅನಂತರ ಮೆಕ್ಸಿಕೋಕ್ಕೆ ಹೋದರೆ ಹಣವೂ ಉಳಿದೀತು.

ಸಂಸ್ಥೆಯ ಹೆಸರಿಗಿಂತ ಗುರುವಿನ ಪರೀಕ್ಷೆ ದೊಡ್ಡದು. ಹಣ ಕಟ್ಟುವ ಮೊದಲು ಶಿಷ್ಯನು ನಾಲ್ಕು ಪ್ರಶ್ನೆಗಳನ್ನು ಕೇಳಲಿ. ನಿಮ್ಮಲ್ಲಿ ಅನುತ್ತೀರ್ಣರಾಗುವವರು ಉಂಟೆ? ಪಾಠವಿಲ್ಲದ ದಿನಗಳಲ್ಲಿ ನೀವಾಗಿಯೇ ಗುಹೆಗೆ ಇಳಿಯುವಿರಾ? ಒಬ್ಬ ಗುರುವಿಗೆ ಎಷ್ಟು ಮಂದಿ ಶಿಷ್ಯರು? ಕಣ್ಣು ಮುಚ್ಚಿ ನೂಲು ಹಿಡಿದು ಬರುವುದನ್ನು ಮೊದಲು ನೆಲದ ಮೇಲೆ, ಮರಗಳ ನಡುವೆ, ಎಷ್ಟು ಹೊತ್ತು ಮಾಡಿಸುತ್ತೀರಿ? "ನಮ್ಮಲ್ಲಿ ಯಾರೂ ಅನುತ್ತೀರ್ಣರಾಗುವುದಿಲ್ಲ" ಎಂದು ಹೆಮ್ಮೆಯಿಂದ ಹೇಳುವ ಶಾಲೆಗೆ ದೂರದಿಂದಲೇ ನಮಸ್ಕಾರ ಮಾಡುವುದು ಲೇಸು.

ಇದೆಲ್ಲ ಪರದೇಶದ ನೀತಿಯೆಂದು ಎಣಿಸಬೇಕಾಗಿಲ್ಲ. ದಕ್ಷಿಣ ಕನ್ನಡ, ಕಾಸರಗೋಡುಗಳ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳನ್ನು ನಮ್ಮ ಹಿರಿಯರು ತೋಡಿದರು. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದುದು ಈ ಕೆಲಸದ ದೆಸೆಯಿಂದಲೇ. ಸುರಂಗ ತೋಡುವವರು ಒಳಗೆ ದೀಪವೊಂದನ್ನು ಉರಿಸಿಡುತ್ತಾರೆ. ಅದು ಬೆಳಕಿಗೆ ಮಾತ್ರವಲ್ಲ. ಜ್ವಾಲೆ ಕುಗ್ಗಿತೆಂದರೆ ಗಾಳಿ ಕಡಮೆಯಾಯಿತೆಂದು ಅರ್ಥ. ಆಗ ನೀರಿನ ಸೆಲೆ ಗೇಣು ದೂರದಲ್ಲಿದ್ದರೂ ಹಾರೆಯನ್ನು ಅಲ್ಲಿಯೇ ಬಿಟ್ಟು ಹೊರಗೆ ಬರಬೇಕು. ಮೂರನೆಯ ಒಂದು ಪಾಲಿನ ನಿಯಮದ ತಿರುಳೂ ಇದೇ ಅಲ್ಲವೆ?

ನಮ್ಮ ಕರಾವಳಿಯಲ್ಲಿ ಈ ಉದ್ಯಮ ಬೆಳೆಯುತ್ತಿರುವ ಕಾಲದಲ್ಲಿ ಒಂದು ಸೂಚನೆಯನ್ನು ಮಾಡಲು ನನಗೆ ಮನಸ್ಸಾಗುತ್ತದೆ. ಅರ್ಧ ದಿನ ನೀರಿಗಿಳಿದವನಿಗೂ ಅಂದವಾದ ಪ್ರಮಾಣಪತ್ರವನ್ನು ಕೊಡುವವರು ಅದರ ಕೆಳಗೆ ಎರಡು ಸಾಲನ್ನು ಅಚ್ಚಕನ್ನಡದಲ್ಲಿ ಮುದ್ರಿಸಲಿ: ಇಷ್ಟರಿಂದ ನೀನು ಒಂಟಿಯಾಗಿ ಇಳಿಯತಕ್ಕವನಲ್ಲ, ಮಾಡಿನ ಕೆಳಗಂತೂ ಹೋಗತಕ್ಕವನೇ ಅಲ್ಲ. ಪಡೆದವನಿಗೆ ಅದರಿಂದ ಅವಮಾನವೇನೂ ಇಲ್ಲ. ಅವನ ತಾಯಿ ಆ ಎರಡು ಸಾಲನ್ನು ಓದಬಲ್ಲಳು.