ಪಡಸಾಲೆಯ ಗೋಡೆಯ ಮೇಲಿನ ಒಂಟಿ ಗರಿ

ಇತ್ತೀಚೆಗೆ ಪರಿಚಿತರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಪಡಸಾಲೆಯನ್ನು ಹಳೆಯ ಕಾಲದ ಮಾದರಿಯಲ್ಲಿ ಸಜ್ಜುಗೊಳಿಸಿದ್ದರು: ಕಾವಿ ಬಣ್ಣದ ನೆಲ, ಬೆತ್ತ ಹೆಣೆದ ಆರಾಮ ಕುರ್ಚಿ, ಹಿತ್ತಾಳೆ ಸರಪಳಿಯ ತೂಗುಮಣೆ, ಮೂಲೆಯಲ್ಲೊಂದು ಕಂಚಿನ ದೀಪ. ಎಲ್ಲವೂ ಕಣ್ಣಿಗೆ ಹಿತವಾಗಿದ್ದವು. ಆದರೆ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಒಂದೇ ಒಂದು ಓಲೆಗರಿ. ಅದೂ ತಲೆಕೆಳಗಾಗಿ!

ಗರಿಯ ಅಂಚಿನಲ್ಲಿ ಪತ್ರಸಂಖ್ಯೆಯಿತ್ತು. ದಾರ ಪೋಣಿಸುವ ರಂಧ್ರಗಳಿದ್ದವು. ಅಂದರೆ ಅದು ಯಾವುದೋ ಕಟ್ಟಿನಿಂದ ಕಿತ್ತದ್ದು. ಉಳಿದವು ಇನ್ನೆಷ್ಟು ಗೋಡೆಗಳಿಗೆ ಹಂಚಿಹೋಗಿವೆಯೋ! ಗ್ರಂಥಸಂಪಾದಕನಿಗೆ ಒಂದು ಗರಿಯ ಲೋಪವೆಂದರೆ ಹಲವು ಪದ್ಯಗಳ ಲೋಪ; ಕೊನೆಯ ಗರಿ ಹೋದರೆ ಲಿಪಿಕಾರನ ಹೆಸರು, ಕಾಲಗಳೂ ಹೋದಂತೆಯೇ.

1972ರ ಪುರಾವಸ್ತು ಕಾಯಿದೆಯು ಇತರ ವಸ್ತುಗಳಿಗೆ 100 ವರ್ಷಗಳ ಮಿತಿಯನ್ನಿಟ್ಟು, ಸಾಹಿತ್ಯಕ, ಚಾರಿತ್ರಿಕ ಮೌಲ್ಯವುಳ್ಳ ಹಸ್ತಪ್ರತಿಗಳಿಗೆ 75 ವರ್ಷಗಳೇ ಸಾಕೆಂದಿದೆ. ಕಾನೂನಿಗೆ ಕಂಡ ಈ ಭೇದ ನಮ್ಮ ಅಭಿರುಚಿಗೆ ಕಾಣಬಾರದೇ?

ಹಳೆಯ ಶೈಲಿಯ ಮೋಹ ತಪ್ಪಲ್ಲ. ಕುರ್ಚಿಗೆ ಹೊಸ ಬೆತ್ತ ಹೆಣೆಸಿದರೆ ಮತ್ತೆ ಕೂರಬಹುದು. ದೀಪಕ್ಕೆ ಎಣ್ಣೆ ಎರೆದರೆ ಮತ್ತೆ ಬೆಳಗೀತು. ಕಟ್ಟಿನಿಂದ ಬೇರ್ಪಟ್ಟ ಗರಿ ಮಾತ್ರ ಮತ್ತೆ ಗ್ರಂಥವಾಗದು. ಗೋಡೆಯ ಅಂದಕ್ಕೆ ಅದರ ಛಾಯಾಚಿತ್ರ ಸಾಲದೇ? ಮೂಲವು ಹಸ್ತಪ್ರತಿ ಭಂಡಾರವನ್ನು ಸೇರಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ಕಟ್ಟಿನಿಂದಲೇ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದರು. ಆ ಗರಿಗಳೂ ಪಡಸಾಲೆಗಳ ಪಾಲಾಗಿದ್ದರೆ?