ಸೋರುವ ಸಸ್ಪೆನ್ಷನ್ನೂ ದುರಸ್ತಿಯ ಧರ್ಮವೂ

ಎಣ್ಣೆಯ ಒತ್ತಡದಿಂದ ನಡೆಯುವ ಸಸ್ಪೆನ್ಷನ್ನುಳ್ಳ ವಯಸ್ಸಾದ ವಾಹನದ ಅಡಿಯಲ್ಲಿ ಎಣ್ಣೆಯ ಕಲೆ ಕಾಣಿಸಿಕೊಂಡೊಡನೆ ಅದರ ಒಡೆಯನ ಮನಸ್ಸು ಎರಡು ಅತಿರೇಕಗಳ ನಡುವೆ ತೂಗಾಡತೊಡಗುತ್ತದೆ: ಒಂದೋ, ಟ್ಯಾಂಕಿಗೆ ಮತ್ತಷ್ಟು ಎಣ್ಣೆ ಸುರಿದು ದಿನ ನೂಕುವುದು, ಇಲ್ಲವೆ, ಇಡೀ ವ್ಯವಸ್ಥೆಯನ್ನೇ ಕಿತ್ತು ಗುಜರಿಗೆ ಹಾಕಿ, ಸಾಧಾರಣ ಶಾಕ್ ಅಬ್ಸಾರ್ಬರುಗಳನ್ನು ಕೂಡಿಸಿ ನಿಶ್ಚಿಂತನಾಗುವುದು. ಇವೆರಡೂ ಅವಿಚಾರದ ಮಾರ್ಗಗಳೆಂದೂ, ಪರೀಕ್ಷೆ, ನಿರ್ಣಯ, ದುರಸ್ತಿ ಎಂಬ ಕ್ರಮಬದ್ಧವಾದ ಮೂರನೆಯ ಮಾರ್ಗವೊಂದು ಉಂಟೆಂದೂ, ಆ ಮಾರ್ಗವನ್ನು ತೆರೆದಿಡುವ ಹೊಣೆ ಒಡೆಯನಿಗೆ ಮಾತ್ರವಲ್ಲದೆ ವಾಹನವನ್ನು ತಯಾರಿಸಿದವರಿಗೂ ಸರಕಾರಗಳಿಗೂ ಸೇರಿದ್ದೆಂದೂ ನನ್ನ ದೃಢವಾದ ಅಭಿಪ್ರಾಯ.

ಉದಾಹರಣೆಗಾಗಿ, 1998ರಿಂದ 2007ರವರೆಗೆ ತಯಾರಾದ ಟೊಯೋಟಾ ಲ್ಯಾಂಡ್ ಕ್ರೂಸರ್ 100ರ ಮೇಲ್ದರ್ಜೆಯ ಮಾದರಿಗಳನ್ನೂ ಅದರ ಸೋದರ ವಾಹನವಾದ ಲೆಕ್ಸಸ್ ಎಲ್‌ಎಕ್ಸ್ 470ನ್ನೂ ತೆಗೆದುಕೊಳ್ಳೋಣ. ಅಮೆರಿಕದ ಬೆಟ್ಟದ ಹಾದಿಗಳಲ್ಲಿಯೂ ಕೊಲ್ಲಿ ದೇಶಗಳ ಮರಳುಗಾಡಿನಲ್ಲಿಯೂ ಇವು ಇಂದಿಗೂ ಓಡಾಡುತ್ತಿವೆ. ನಮ್ಮ ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋಗಿ ಅಲ್ಲಿನ ಗ್ಯಾರೇಜುಗಳಲ್ಲಿ ದುಡಿಯುವ ಕನ್ನಡಿಗರಿಗೆ ಇವುಗಳ ಪರಿಚಯ ಹೊಸದಲ್ಲ. ಇವುಗಳ ಎತ್ತರವನ್ನು ಗುಂಡಿಯೊಂದನ್ನು ಒತ್ತಿ ಏರಿಸಬಹುದು, ಇಳಿಸಬಹುದು. ಪ್ರತಿಯೊಂದು ಚಕ್ರದ ಬಳಿ ಶಾಕ್ ಅಬ್ಸಾರ್ಬರಿನ ಸ್ಥಾನದಲ್ಲಿ ಎಣ್ಣೆ ತುಂಬಿದ ಸಿಲಿಂಡರ್ ಇದೆ; ಅದರಿಂದ ಹೊರಟ ಪೈಪು ಚಾಸಿಸ್ಸಿಗೆ ಬಿಗಿದ ಲೋಹದ ಗೋಳವೊಂದನ್ನು ಸೇರುತ್ತದೆ; ಗೋಳದೊಳಗೆ ರಬ್ಬರಿನ ಪೊರೆ, ಪೊರೆಯ ಒಂದು ಪಾರ್ಶ್ವದಲ್ಲಿ ಎಣ್ಣೆ, ಇನ್ನೊಂದು ಪಾರ್ಶ್ವದಲ್ಲಿ ಒತ್ತಿ ತುಂಬಿದ ಸಾರಜನಕ ಅನಿಲ. ಎಣ್ಣೆಯು ಕುಗ್ಗಲೊಲ್ಲದ ದ್ರವ. ಅನಿಲವಾದರೋ ಕುಗ್ಗಿ ಹಿಗ್ಗುವಂಥದು. ಆದುದರಿಂದ ಚಕ್ರವು ಬಂಡೆಯನ್ನೇರಿದಾಗ ಹುಟ್ಟುವ ಆಘಾತವನ್ನು ಎಣ್ಣೆಯು ಹೊತ್ತೊಯ್ಯುತ್ತದೆ, ಅನಿಲವು ನುಂಗಿಕೊಳ್ಳುತ್ತದೆ. ಇದರ ಜೊತೆಗೆ ಮುಂದೆ, ತಿರುಚಿದಾಗ ಸ್ಪ್ರಿಂಗಿನಂತೆ ವರ್ತಿಸುವ ಟಾರ್ಷನ್ ಬಾರುಗಳೂ ಹಿಂದೆ ಸುರುಳಿ ಸ್ಪ್ರಿಂಗುಗಳೂ ಇದ್ದು, ವಾಹನದ ಭಾರದ ಒಂದು ಪಾಲನ್ನು ಅವು ವಹಿಸಿದರೆ ಉಳಿದ ಪಾಲನ್ನು ಎಣ್ಣೆಯ ಒತ್ತಡವು ವಹಿಸುತ್ತದೆ. ಈ ಕೊನೆಯ ಸಂಗತಿಯನ್ನು ಮರೆತವರೇ ಮುಂದೆ ಹೆಚ್ಚು ಕಷ್ಟಕ್ಕೀಡಾಗುತ್ತಾರೆ.

ಈ ತತ್ತ್ವ ಹೊಸದಲ್ಲ. ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯಲ್ಲಿ ಪೋಲ್ ಮಾಜೆಸ್ ಎಂಬ ಶೋಧಕನು ಎಣ್ಣೆ ಮತ್ತು ಅನಿಲಗಳನ್ನು ಹೀಗೆ ಜೋಡಿಸಿ, 1954ರಲ್ಲಿ ಕಾರೊಂದರ ಹಿಂಬದಿಗೂ, 1955ರಲ್ಲಿ ಪ್ರಸಿದ್ಧವಾದ ಡಿಎಸ್ ಕಾರಿನ ನಾಲ್ಕು ಚಕ್ರಗಳಿಗೂ ಅಳವಡಿಸಿದನು. ಮೊದಲಿನ ವರ್ಷಗಳಲ್ಲಿ ಅಲ್ಲಿ ಬಳಸಿದ ದ್ರವವು ಗಾಳಿಯ ತೇವವನ್ನು ಹೀರಿಕೊಂಡು ಒಳಗಿನ ಲೋಹಕ್ಕೆ ತುಕ್ಕು ಹಿಡಿಸುತ್ತಿದ್ದುದರಿಂದ, 1960ರ ದಶಕದ ಉತ್ತರಾರ್ಧದಲ್ಲಿ ಅದನ್ನು ಬಿಟ್ಟು ಹಸಿರು ಬಣ್ಣದ ಖನಿಜ ತೈಲವನ್ನು ತಂದರು. ದ್ರವ ಬದಲಾದಾಗ ಸೀಲುಗಳ ರಬ್ಬರನ್ನೂ ಬದಲಿಸಬೇಕಾಯಿತು. ಇದರಲ್ಲಿ ನಮಗೊಂದು ಪಾಠವಿದೆ: ಇಂಥ ವ್ಯವಸ್ಥೆಯಲ್ಲಿ ಎಣ್ಣೆಯೂ ರಬ್ಬರೂ ಪರಸ್ಪರ ಒಪ್ಪಿ ಬಾಳಬೇಕಾದವು, ಅಂಗಡಿಯಲ್ಲಿ ಸಿಕ್ಕ ಯಾವುದೋ ಬ್ರೇಕ್ ಆಯಿಲನ್ನು ಸುರಿದವನು ಸೋರಿಕೆಯನ್ನು ತಡೆಯುವುದಿಲ್ಲ, ಇನ್ನಷ್ಟು ಸೋರಿಕೆಗಳಿಗೆ ಎಡೆಮಾಡುತ್ತಾನೆ.

ಹಾಗಾದರೆ ಪರೀಕ್ಷೆಯ ಕ್ರಮವೇನು? ಎಣ್ಣೆ ತೊಟ್ಟಿಕ್ಕಿದ ಸ್ಥಳವೇ ಸೋರಿದ ಸ್ಥಳವೆಂದು ಭಾವಿಸಬಾರದು. ಚಾಸಿಸ್ಸಿನ ಉದ್ದಕ್ಕೂ ಹರಿದು ಬಂದ ಎಣ್ಣೆ ಎಲ್ಲಿಯೋ ಹುಟ್ಟಿ ಎಲ್ಲಿಯೋ ಬೀಳುತ್ತದೆ. ಆದುದರಿಂದ ಕೆಳಭಾಗವನ್ನೆಲ್ಲ ತೊಳೆದು, ಒಣಗಿಸಿ, ಎಂಜಿನ್ ಚಾಲೂ ಮಾಡಿ ವಾಹನವನ್ನು ಏರಿಸಿ ಇಳಿಸಿ, ಮೊದಲ ತೇವ ಎಲ್ಲಿ ಮೂಡುವುದೆಂದು ತಾಳ್ಮೆಯಿಂದ ನೋಡತಕ್ಕದ್ದು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಶೀತದೇಶಗಳಲ್ಲಿ ಉಕ್ಕಿನ ಪೈಪುಗಳು ತುಕ್ಕು ಹಿಡಿದು ತೂತಾಗುವುದು ಸಾಮಾನ್ಯ. ಧೂಳು ಮರಳುಗಳ ನಾಡಿನಲ್ಲಿ ಸಿಲಿಂಡರಿನ ದಂಡವು ಗೀರುಬಿದ್ದು ಸೀಲುಗಳು ಸವೆಯುವುದು ಹೆಚ್ಚು. ಗೋಳಗಳ ಆರೋಗ್ಯವನ್ನು ತಿಳಿಯುವ ಸುಲಭೋಪಾಯವೊಂದುಂಟು: ವಾಹನವು ತಗ್ಗಿದಾಗಲೂ ಎತ್ತರಿಸಿದಾಗಲೂ ಎಣ್ಣೆಯ ಟ್ಯಾಂಕಿನ ಮೇಲಿನ ಗೆರೆಗಳನ್ನು ಎಣಿಸಿದರೆ, ಗೋಳಗಳು ಹೊಸವಾಗಿದ್ದಲ್ಲಿ ಸುಮಾರು 14 ಗೆರೆಗಳ ಅಂತರ ಕಾಣುವುದು, ಅದು 7ರ ಹತ್ತಿರಕ್ಕೆ ಇಳಿದಿದ್ದರೆ ಅನಿಲವು ಪೊರೆಯ ಮೂಲಕ ವರ್ಷಾನುಗಟ್ಟಲೆ ಜಿನುಗಿ ಬರಿದಾಗಿದೆಯೆಂದು ಅನುಭವಿಗಳು ನಿರ್ಣಯಿಸುತ್ತಾರೆ. ಹೀಗೆ ನೋಡಿದಾಗ, ಇಡೀ ವ್ಯವಸ್ಥೆ ಕೆಟ್ಟಿತೆಂದು ಭಯಪಟ್ಟವನಿಗೆ ಒಂದು ಗೇಣು ಪೈಪನ್ನೋ ಒಂದು ಸಿಲಿಂಡರನ್ನೋ ಬದಲಿಸಿದರೆ ಸಾಕೆಂದು ತಿಳಿದುಬರುವ ಸಂದರ್ಭಗಳು ಅನೇಕ.

ಪರೀಕ್ಷಿಸುವವನು ತನ್ನ ದೇಹರಕ್ಷಣೆಯನ್ನು ಮರೆಯಬಾರದು. ಈ ಪೈಪುಗಳಲ್ಲಿ ವಾಹನವು ಸುಮ್ಮನೆ ನಿಂತಿರುವಾಗಲೇ ಚದರ ಸೆಂಟಿಮೀಟರಿಗೆ ಸುಮಾರು 60ರಿಂದ 70 ಕಿಲೋಗ್ರಾಮಿನ ಒತ್ತಡವಿರುತ್ತದೆ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಗಬಲ್ಲದು. ಹೊರಗೆ ಕಾಣುವ ಗಾಯ ಅತ್ಯಲ್ಪ, ಒಳಗಿನ ಹಾನಿಯಾದರೋ ಬೆರಳನ್ನೇ ಕಳೆಯುವಷ್ಟು ಘೋರ. ಅಂಥ ಗಾಯಕ್ಕೆ ಒಡನೆಯೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆದುದರಿಂದ ಸೋರಿಕೆಯನ್ನು ಕೈಯಿಂದ ತಡವಿ ಹುಡುಕಬಾರದು, ರಟ್ಟಿನ ತುಂಡನ್ನು ಒಡ್ಡಿ ನೋಡಬೇಕು. ಜಾಕಿನ ಮೇಲಾಗಲಿ ಎಣ್ಣೆಯ ಬಲದ ಮೇಲಾಗಲಿ ನಿಂತ ವಾಹನದಡಿ ಎಂದೂ ತೂರಬಾರದು. ಚಾಸಿಸ್ಸಿಗೆ ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಟ್ಟ ಮೇಲೆಯೇ ಕೆಲಸ. ಪೈಪನ್ನು ಬಿಚ್ಚುವ ಮುನ್ನ ಬ್ಲೀಡ್ ಸ್ಕ್ರೂಗಳಿಂದ ಒತ್ತಡವನ್ನು ಇಳಿಸಿಕೊಳ್ಳಬೇಕು.

ಇನ್ನು, ಎಲ್ಲವನ್ನೂ ಕಿತ್ತು ಸಾಧಾರಣ ಸಸ್ಪೆನ್ಷನ್ ಹಾಕಿಸುವವರ ಮಾತು. ಗೋಳಗಳೂ ಸಿಲಿಂಡರುಗಳೂ ಒಟ್ಟಿಗೆ ಸತ್ತು, ಬಿಡಿಭಾಗಗಳ ಬೆಲೆ ವಾಹನದ ಬೆಲೆಯನ್ನೇ ಮುಟ್ಟುವ ಸ್ಥಿತಿಯಲ್ಲಿ ಆ ನಿರ್ಣಯವನ್ನು ನಾನು ತಪ್ಪೆನ್ನಲಾರೆ. ಆದರೆ ಸಿಲಿಂಡರುಗಳನ್ನು ಮಾತ್ರ ತೆಗೆದು ಅಂಗಡಿಯ ಶಾಕ್ ಅಬ್ಸಾರ್ಬರುಗಳನ್ನು ಕೂಡಿಸಿ, ಹಳೆಯ ಸ್ಪ್ರಿಂಗುಗಳನ್ನೇ ಉಳಿಸಿಕೊಂಡಲ್ಲಿ ವಾಹನವು ಕುಸಿದು ಕೂರುವುದು ನಿಶ್ಚಯ. ಏಕೆಂದರೆ ಆ ಸ್ಪ್ರಿಂಗುಗಳು ಭಾರದ ಒಂದು ಪಾಲನ್ನು ಹೊರುವುದಕ್ಕಷ್ಟೇ ನಿರ್ಮಿತವಾದವು. ಮಾಡುವುದಾದರೆ ಟಾರ್ಷನ್ ಬಾರು, ಹಿಂದಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಇವೆಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಪೂರ್ಣವಾಗಿ ಮಾಡಬೇಕು. ಅರ್ಧ ಮಾಡಿದ ಬದಲಾವಣೆ ಸೋರಿಕೆಗಿಂತ ಅಪಾಯಕರ.

ಒಡೆಯನೂ ಮೆಕ್ಯಾನಿಕ್ಕೂ ಎಷ್ಟು ವಿವೇಕಿಗಳಾಗಿದ್ದರೂ, ಸರಿಯಾದ ಎಣ್ಣೆ, ಸರಿಯಾದ ಸೀಲು, ಒತ್ತಡದ ಅಂಕಿಗಳುಳ್ಳ ಕೈಪಿಡಿ ಇವು ದೊರೆಯದಿದ್ದರೆ ಅವರ ವಿವೇಕ ನಿಷ್ಫಲ. ಈ ಸತ್ಯವನ್ನು ಕೆಲವು ರಾಷ್ಟ್ರಗಳು ಮನಗಂಡಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿಯೇ ಮೋಟಾರು ದುರಸ್ತಿಯ ಹಕ್ಕನ್ನು ಅನುಮೋದಿಸಿದರು. ಆಸ್ಟ್ರೇಲಿಯಾದಲ್ಲಿ 2022ರ ಜುಲೈ 1ರಿಂದ ತಯಾರಕರು ದುರಸ್ತಿಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ನ್ಯಾಯವಾದ ಬೆಲೆಗೆ ಒದಗಿಸಬೇಕೆಂಬ ನಿಯಮ ಬಂದಿತು. ಆದರೆ ಅದು 2002ರಿಂದೀಚೆಗೆ ತಯಾರಾದ ವಾಹನಗಳಿಗೆ ಮಾತ್ರ ಅನ್ವಯಿಸುವುದರಿಂದ, ನಾನು ಮೇಲೆ ಹೇಳಿದ ವಾಹನಗಳಲ್ಲಿ ಮೊದಲ ನಾಲ್ಕು ವರ್ಷಗಳವು ಅದರ ಆಶ್ರಯದಿಂದ ಹೊರಗುಳಿದಿವೆ. ಯಾವುದಕ್ಕೆ ವಯಸ್ಸು ಹೆಚ್ಚೋ ಅದಕ್ಕೇ ರಕ್ಷಣೆ ಇಲ್ಲವೆಂಬುದು ವಿಷಾದಕರವಾದ ವಿಪರ್ಯಾಸ. ಭಾರತ ಸರಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆದು, ಅದರ ನಾಲ್ಕು ವಲಯಗಳಲ್ಲಿ ಮೋಟಾರು ವಾಹನವನ್ನೂ ಸೇರಿಸಿತು. ಅದು ಶ್ಲಾಘ್ಯವಾದ ಆರಂಭ. ಆದರೆ ಮಾಹಿತಿಯ ತಾಣವು ಶಾಸನಕ್ಕೆ ಸಮಾನವಲ್ಲ. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ನಂತರ ತಪಾಸಣೆಗೆ ಒಳಪಡಿಸಿ ನವೀಕರಿಸುವ ಈ ದೇಶದಲ್ಲಿ, ಹಳೆಯ ವಾಹನವು ಸುರಕ್ಷಿತವಾಗಿರಬೇಕೆಂದು ಆಜ್ಞಾಪಿಸುವ ಸರಕಾರವು ಅದನ್ನು ಸುರಕ್ಷಿತವಾಗಿಡುವ ಸಾಧನಗಳು ಪ್ರಜೆಗೆ ದೊರೆಯುವಂತೆಯೂ ಆಜ್ಞಾಪಿಸಬೇಕಲ್ಲವೆ?

ತಯಾರಕರು ವಾಹನವು ಮಾರುಕಟ್ಟೆಯಿಂದ ಹೋದ ಮೇಲೆಯೂ ಕನಿಷ್ಠ ಎರಡು ದಶಕಗಳ ಕಾಲ ಅದರ ಸೀಲು, ಪೈಪು, ಎಣ್ಣೆ, ಕೈಪಿಡಿಗಳನ್ನು ನ್ಯಾಯವಾದ ಬೆಲೆಗೆ ಒದಗಿಸುವಂತೆ ಶಾಸನವಾಗಲಿ. ಅಲ್ಲಿಯವರೆಗೆ, ಹಳೆಯ ವಾಹನದ ಒಡೆಯರಲ್ಲಿ ನನ್ನ ವಿನಂತಿ ಇಷ್ಟೆ: ಎಣ್ಣೆಯ ಕಲೆ ಕಂಡ ದಿನ ಸುರಿಯಲೂ ಹೋಗಬೇಡಿ, ಕೀಳಲೂ ಹೋಗಬೇಡಿ, ಬಲ್ಲವನೊಬ್ಬನನ್ನು ಕರೆದು, ಮೊದಲು ಪರೀಕ್ಷಿಸಿರಿ.